ಅಂಟಕ್ಕ ಬಿಡಿಸಿದ ಕಾಗದ

ಪತ್ರಿಕೆಯೊಂದರ ಬೈಂಡಿಂಗ್ ಕೋಣೆಯಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತಳಾದ ಹೆಂಗಸನ್ನು ಬೀದಿಯವರೆಲ್ಲ ಅಂಟಕ್ಕ ಎಂದೇ ಕರೆಯುತ್ತಾರೆ. ಬೆರಳ ಸಂದಿಯಲ್ಲಿ ಸದಾ ಮೈದಾ ಅಂಟು ಒಣಗಿರುತ್ತಿತ್ತು, ಅದಕ್ಕೆ. ಈಗ ವಯಸ್ಸು ಅರವತ್ತೈದು. ಯಾರು ಏನು ಕೇಳಿದರೂ ಅವಸರಪಡುವ ಜಾಯಮಾನ ಅವಳದಲ್ಲ.

ಆ ಸೋಮವಾರ ಮಾತ್ರ ಅವಸರಪಡಬೇಕಾಯಿತು. ನಲವತ್ತೊಂದು ವರ್ಷದ ಹಿಂದೆ, ದೇಶವನ್ನೆಲ್ಲ ಒಬ್ಬನೇ ಮುಷ್ಟಿಯಲ್ಲಿ ಹಿಡಿದಿದ್ದ ಕಾಲದಲ್ಲಿ, ಅವಳ ಅಣ್ಣನನ್ನು ಬಣ್ಣದ ಗಿರಣಿಯ ಗೇಟಿನಲ್ಲಿ ಪೊಲೀಸರು ವ್ಯಾನಿಗೆ ಹತ್ತಿಸಿಕೊಂಡು ಹೋಗಿದ್ದರು. ಅವನು ಮರಳಲಿಲ್ಲ. ಈಗ ನಗರಸಭೆ ಅಂಥವರ ಹೆಸರುಗಳನ್ನು ಅದೇ ಗೇಟಿನ ಗೋಡೆಯ ಮೇಲೆ ಕೆತ್ತಿಸುತ್ತಿತ್ತು. ಹೆಸರು ಖಚಿತಪಡಿಸುವ ಹೊಣೆ ಒಂದು ದೊಡ್ಡ ತಂತ್ರಜ್ಞಾನ ಕಂಪನಿಯದು. ಗ್ರಂಥಾಲಯದ ಹಳೆಯ ಪತ್ರಿಕೆಗಳನ್ನೆಲ್ಲ ಸ್ಕ್ಯಾನ್ ಮಾಡುತ್ತಿದ್ದುದೂ ಅದೇ ಕಂಪನಿ. ಅರ್ಜಿ ಹಾಕಿದ್ದ ಅತ್ತಿಗೆಯ ಫೋನಿಗೆ ಉತ್ತರ ಬಂತು: 'ದಾಖಲೆ ಸಿಕ್ಕಿಲ್ಲ. ಆಕ್ಷೇಪಣೆಗೆ ಶನಿವಾರ ಸಂಜೆ ಐದು ಗಂಟೆ ಕೊನೆ.'

"ಸಿಗೋದಾದ್ರೂ ಹೇಗೆ? ಮಾರನೇ ದಿನ ಪೇಪರಲ್ಲಿ ಬಂದಿದ್ದು ಹೂವಿನ ಪ್ರದರ್ಶನದ ಸುದ್ದಿ," ಎಂದಳು ಅತ್ತಿಗೆ. "ಆವತ್ತು ಆ ಸರ್ವಾಧಿಕಾರಿ ನಮ್ಮ ಬಾಯಿ ಮುಚ್ಚಿಸಿದ. ಈ ಕಂಪನಿಯವರು ಬಾಯೇ ಇರಲಿಲ್ಲ ಅಂತಿದಾರೆ."

ಅತ್ತಿಗೆ ಅಳುವವರ ಪೈಕಿಯಲ್ಲ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು, ಅಷ್ಟೇ.

ಅಂಟಕ್ಕನಿಗೆ ಬೈಂಡಿಂಗ್ ಕೋಣೆ ನೆನಪಾಯಿತು. ಆ ವರ್ಷಗಳಲ್ಲಿ ದಿನಾ ಸಂಜೆ ಪ್ರೂಫ್ ಪುಟಗಳು ಸರ್ಕಾರಿ ಅಧಿಕಾರಿಯ ಮುಂದೆ ಹೋಗುತ್ತಿದ್ದವು. ಅವನು ಕೆಂಪು ಗೀಟು ಎಳೆದದ್ದನ್ನು ಸುಡಬೇಕು. ಆದರೆ ಕಾಗದಕ್ಕೆ ಬರ. ಚೂರು ಹಾಳೆ ಬಿಸಾಡಿದರೂ ಕರುಳು ಕಿತ್ತು ಬಂದಂತೆ ಆಡುತ್ತಿದ್ದ ಬೈಂಡಿಂಗ್ ಮೇಸ್ತ್ರಿ, ಆ ಪುಟಗಳನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ, ಗ್ರಂಥಾಲಯಕ್ಕೆ ಹೋಗುವ ತಿಂಗಳ ಸಂಪುಟಗಳ ಬೆನ್ನು ಗಟ್ಟಿಯಾಗಲೆಂದು ಒಳಗೆ ಅಂಟಿಸಲು ಕೊಡುತ್ತಿದ್ದ. "ಓದಬೇಡ, ಅಂಟಿಸು" ಎನ್ನುವುದೇ ಅಲ್ಲಿನ ಕಾನೂನು. ಅಂಟಕ್ಕ ಓದಿರಲಿಲ್ಲ. ಆದರೆ ಗೇಟಿನಲ್ಲಿ ಹಿಡಿದವರ ಹೆಸರು ಅಚ್ಚು ಹಾಕಲು ಹೊರಟಿದ್ದಕ್ಕೇ ಸಂಪಾದಕರು ಜೈಲು ಸೇರಿದರೆಂಬುದು ಊರಿಗೆಲ್ಲ ಗೊತ್ತಿತ್ತು.

ಮಂಗಳವಾರ ಗ್ರಂಥಾಲಯದ ನೆಲಮಾಳಿಗೆಗೆ ಇಳಿದಳು. ಕಂಪನಿಯ ಗುತ್ತಿಗೆ ನೌಕರ, ಐವತ್ತು ದಾಟಿದ ದಪ್ಪ ಮನುಷ್ಯ, ಕತ್ತರಿಸುವ ಯಂತ್ರದ ಮುಂದೆ ನಿಂತಿದ್ದ. ಸ್ಕ್ಯಾನರಿಗೆ ಬಿಡಿ ಹಾಳೆಗಳೇ ಬೇಕಾದ್ದರಿಂದ ಸಂಪುಟಗಳ ಬೆನ್ನು ಕತ್ತರಿಸಿ ರದ್ದಿಗೆ ಹಾಕುವುದು ಅವನ ಕೆಲಸ; ಅಲ್ಲಿನವರಿಗೆ ಅವನು ಕತ್ತರಿಯವನು.

"ನಲವತ್ತೊಂದು ವರ್ಷದ ಹಿಂದಿನವು ಕತ್ತರಿಸಿದ್ರಾ?"

"ನಿನ್ನೆ ತಾನೇ ಮುಗೀತು, ಅಕ್ಕ."

ಅಂಟಕ್ಕ ಸುತ್ತ ಕಣ್ಣಾಡಿಸಿದಳು. "ಬೆನ್ನುಗಳು?"

ಅವನು ಮೂಲೆಯ ಮೂಟೆ ತೋರಿಸಿದ. "ರದ್ದಿ ಲಾರಿ ಬೆಳಿಗ್ಗೆ ಬರಬೇಕಿತ್ತು. ಆ ಪುಣ್ಯಾತ್ಮ ಹೇಳಿದ ಹೊತ್ತಿಗೆ ಬಂದಿದ್ದನ್ನ ನಾನಂತೂ ಕಂಡಿಲ್ಲ. ಯಾಕೆ?"

ಅವಳು ಎಲ್ಲ ಹೇಳಿದಳು. ಅವನು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸುತ್ತ ನಿಂತ. "ಇದು ಕಂಪನಿ ಮಾಲು. ಹೊರಗೆ ಬಿಟ್ಟರೆ ನನ್ನ ಕೆಲಸಕ್ಕೆ ಕುತ್ತು." ಮತ್ತೆ ಕನ್ನಡಕ ಏರಿಸಿದ. "ಹೊರಗೆ ಒಯ್ಯಬೇಡಿ. ಇಲ್ಲೇ ನೆನೆಸಿ. ಬಕೆಟ್ ತರ್ತೀನಿ."

ಮೂರು ದಿನ ಅವಳು ಬೆಚ್ಚಗಿನ ನೀರಿನಲ್ಲಿ ಬೆನ್ನುಗಳನ್ನು ನೆನೆಸಿ, ಮೊಂಡು ಚಾಕುವಿನಿಂದ ಪದರ ಪದರ ಬಿಡಿಸಿದಳು. ಈಗಿನ ಬಿಳಿ ಗೋಂದಾಗಿದ್ದರೆ ಬಿಡುತ್ತಿರಲಿಲ್ಲ. ಮೈದಾವನ್ನೇ ಕುದಿಸಬೇಕು, ಹುಳ ಹಿಡಿಯದಂತೆ ಮೈಲುತುತ್ತ ಬೆರೆಸಬೇಕು ಎಂದು ತಲೆ ತಿನ್ನುತ್ತಿದ್ದ ಮೇಸ್ತ್ರಿಗೆ ಗಳಿಗೆಗೊಮ್ಮೆ ಮನಸ್ಸಿನಲ್ಲೇ ಕೈ ಮುಗಿದಳು. ಮೊದಲೆರಡು ದಿನ ಸಿಕ್ಕಿದ್ದು ಸಾಬೂನಿನ ಜಾಹೀರಾತು, ಕೆಂಪು ಗೀಟು ಬಿದ್ದ ಅಕ್ಕಿಯ ಬೆಲೆ. ಕತ್ತರಿಯವನು ತನ್ನ ಟೇಬಲ್ ಫ್ಯಾನನ್ನೇ ಪಟ್ಟಿಗಳ ಕಡೆ ತಿರುಗಿಸಿ ತಾನು ಬೆವರುತ್ತ ಕೂತ.

"ಬಟ್ಟೆ ಒಗೆದ ಹಾಗೆ ಒಗೀತಿದೀರಲ್ಲ, ಅಕ್ಕ."

"ಒಗೆಯೋದಲ್ಲಪ್ಪ, ಬಿಡಿಸೋದು. ತಿಕ್ಕಿದ್ರೆ ಅಕ್ಷರನೇ ಹೋಯ್ತು."

ಶುಕ್ರವಾರ ಮಧ್ಯಾಹ್ನ, ನಾಲ್ಕು ಬೆರಳಗಲದ ಪಟ್ಟಿಯೊಂದರಲ್ಲಿ ಹದಿನಾಲ್ಕು ಹೆಸರು. ಹನ್ನೊಂದನೆಯದು ಅಣ್ಣನದು, ವಯಸ್ಸು ಇಪ್ಪತ್ತೊಂಬತ್ತು, ಉಗ್ರಾಣದ ಕೆಲಸಗಾರ. ಪಟ್ಟಿಯ ಮೂಲೆ ಮಡಿಚಿ ಅಂಟಿಸಿದ್ದ ರೀತಿ ಅಂಟಕ್ಕನದೇ.

ಕಂಪನಿಯ ವ್ಯವಸ್ಥೆ ಸಂಪುಟದ ಪುಟಗಳನ್ನಷ್ಟೇ ಒಪ್ಪುತ್ತದೆ. "ಬೆನ್ನೂ ಸಂಪುಟದ್ದೇ ತಾನೆ?" ಎಂದು ಕತ್ತರಿಯವನು ಅದನ್ನು ಸ್ಕ್ಯಾನರಿಗೆ ಕೊಟ್ಟ. ಪುಟಸಂಖ್ಯೆ ಕೇಳಿತು. 'ಬೆನ್ನು' ಎಂದು ಬರೆದರೆ ಯಂತ್ರ ಒಪ್ಪಲಿಲ್ಲ. ಸೊನ್ನೆ ಹಾಕಿದ. ಒಪ್ಪಿತು. ಆ ಸಂಜೆಯೇ ಅತ್ತಿಗೆಯ ಫೋನಿನಿಂದ ಆಕ್ಷೇಪಣೆ ಹೋಯಿತು.

ಶನಿವಾರ ಬೆಳಿಗ್ಗೆ 'ದಾಖಲೆ ಸಿಕ್ಕಿದೆ' ಎಂಬ ಉತ್ತರ ಹಿಡಿದು ಅತ್ತಿಗೆಯೇ ನೆಲಮಾಳಿಗೆಗೆ ಬಂದಳು. ಪಟ್ಟಿಯನ್ನು ಮುಟ್ಟದೆ, ಬಗ್ಗಿ ಎರಡು ಸಲ ಓದಿದಳು.

"ನಾನು ಸುತ್ತದ ಕಚೇರಿಯಿಲ್ಲ. ನೀನೇ ಅಂಟಿಸಿಟ್ಟಿದ್ದೆಯೇನೇ, ಪುಣ್ಯಾತ್ಗಿತ್ತಿ?"

"ಓದಬೇಡ ಅಂದಿದ್ರು, ಅತ್ತಿಗೆ."

"ಓದದೇ ಇದ್ದಿದ್ದೇ ಒಳ್ಳೇದಾಯ್ತು ಕಣೇ. ಓದಿದ್ರೆ ಮನೆಗೆ ತರ್ತಿದ್ದೆ. ಪೊಲೀಸರು ಮೂರು ಸಲ ಮನೆ ಜಾಲಾಡಿದ್ರಲ್ಲ, ಮರೆತೆಯಾ? ಅವನ ಹೆಸರೂ ಉಳೀತಿರಲಿಲ್ಲ, ನೀನೂ ಉಳೀತಿರಲಿಲ್ಲ."

ಆಮೇಲೆ ಕತ್ತರಿಯವನ ಕಡೆ ತಿರುಗಿ ಎರಡೂ ಕೈ ಜೋಡಿಸಿದಳು. ಅವನು ಮುಜುಗರದಿಂದ ಹಿಂದೆ ಸರಿದ. "ಅಯ್ಯೋ ಬಿಡಿ ಅಮ್ಮ, ಕತ್ತರಿಸಿದವನೂ ನಾನೇ."

ಅಂಟಕ್ಕ ಗಡಿಯಾರ ನೋಡಿದಳು. ಹನ್ನೊಂದೂಕಾಲು. ಪಟ್ಟಿಯಲ್ಲಿ ಇನ್ನೂ ಹದಿಮೂರು ಹೆಸರು. ಅವರ ಮನೆಯವರಿಗೂ ಐದು ಗಂಟೆಯೇ ಕೊನೆ.

"ಎಂಟನೆಯವನ ಮಗಳು ನನಗೆ ಗೊತ್ತು," ಎಂದಳು ಅತ್ತಿಗೆ, ಆಗಲೇ ಮೆಟ್ಟಿಲ ಬಳಿ ನಿಂತು. "ಹೊಲಿಗೆ ಅಂಗಡಿ ಇಟ್ಟಿದಾಳೆ. ಉಳಿದವರ ಹೆಸರು ಬರ್ಕೊ, ನಡಿ."