ಆಯಿ ಮೂಸಿ ನೋಡಿದ ಸೀತಾಫಲದ ಫಿರ್ನಿ

ನಾನು ನಿಮ್ಮಷ್ಟೇ ಚಿಕ್ಕವಳಾಗಿ, ಎರಡು ಜಡೆ ಕುಣಿಸುತ್ತ ಓಡಾಡುತ್ತಿದ್ದ ಕಾಲದಲ್ಲಿ ನಮ್ಮ ಮನೆ ಮಸ್ಕಿಯ ಹತ್ತಿರದ ಒಂದು ಊರಿನಲ್ಲಿತ್ತು. ಊರ ಹಿಂದೆಯೇ ಗುಡ್ಡ. ಮಳೆಗಾಲ ಮುಗಿಯುತ್ತಿದ್ದಂತೆ ಆ ಗುಡ್ಡದ ಕಲ್ಲುಗಳ ನಡುವೆ ಸೀತಾಫಲ ಕಣ್ಣು ಬಿಡುತ್ತಿತ್ತು. ಯಾರೂ ನೆಟ್ಟ ಗಿಡಗಳಲ್ಲ, ಯಾರೂ ನೀರುಣಿಸಿದ ಗಿಡಗಳೂ ಅಲ್ಲ. ಗುಡ್ಡದ ಕಡೆಯ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬಂದು, ಅವ್ವನಿಂದ ಜೋಳ ಹಾಕಿಸಿಕೊಂಡು, ಕಾಯಿ ಸುರಿದು ಹೋಗುತ್ತಿದ್ದರು. ಅವ್ವ ಅವನ್ನು ಒಳಕೋಣೆಯ ಮೂಲೆಯಲ್ಲಿ ಜೋಳದ ಹೊಟ್ಟಿನೊಳಗೆ ಮುಚ್ಚಿಡುತ್ತಿದ್ದಳು. ಕೆಲವು ದಿನ ಕಳೆದರೆ ಸಾಕು, ಬೆಳಿಗ್ಗೆ ಆ ಕೋಣೆಯ ಬಾಗಿಲು ತೆಗೆದೊಡನೆ ಸಿಹಿ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಕೈ ಹಾಕಿದರೆ ಹೊಟ್ಟಿನೊಳಗೆ ಬೆಚ್ಚಗೆ, ಮೆತ್ತಗೆ ಹಣ್ಣು ಸಿಗುತ್ತಿತ್ತು.

ಆದರೆ ಯಾವ ಹಣ್ಣೂ ನೇರವಾಗಿ ನಮ್ಮ ಬಾಯಿಗೆ ಬರುತ್ತಿರಲಿಲ್ಲ. ಮೊದಲು ಆಯಿಯ ಮೂಗಿನ ಮುಂದೆ ಹಾದು ಬರಬೇಕು. ಆಯಿ ಎಂದರೆ ನಮ್ಮ ಅಪ್ಪನ ಅವ್ವ. ಹೊರಗಿನಿಂದ ಎಣ್ಣೆ ತಂದರೆ ಬೆರಕೆಯ ಅನುಮಾನ, ಬೆಲ್ಲ ತಂದರೆ ಮಣ್ಣಿನ ಅನುಮಾನ. ಬುಟ್ಟಿ ಸೀತಾಫಲ ಬಂದರೆ ಮೇಲೆ ದೊಡ್ಡವು ಇಟ್ಟು ಕೆಳಗೆ ಚಿಕ್ಕವು ತುಂಬಿದ್ದಾರೆ ಎಂಬ ಅನುಮಾನ. ಒಂದೊಂದನ್ನೂ ತಿರುಗಿಸಿ, ಒತ್ತಿ, ಮೂಸಿ ನೋಡದೆ ಆಯಿ ಬಿಡುತ್ತಿರಲಿಲ್ಲ. ದಿನವೂ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆಯೇ ಅವಳು ಬಾಯಿಗೆ ನೀರು ಹಾಕುತ್ತಿದ್ದದ್ದು. ನಮ್ಮ ಮನೆಯೊಳಗೆ ತತ್ತಿ, ಅಂದರೆ ಕೋಳಿಯ ಮೊಟ್ಟೆ, ತರುವುದು ಇರಲಿ, ಅಡುಗೆಮನೆಯಲ್ಲಿ ಅದರ ಹೆಸರನ್ನೂ ಎತ್ತುವಂತಿರಲಿಲ್ಲ.

ಆ ವರ್ಷ ಮಳೆಗಾಲದಲ್ಲಿ ಅಪ್ಪನಿಗೆ ಕೆಟ್ಟ ಜ್ವರ ಬಂತು. ಜ್ವರ ಬಿಟ್ಟಿತು, ಆದರೆ ಅಪ್ಪ ಮೊದಲಿನ ಅಪ್ಪ ಆಗಲಿಲ್ಲ. ಕೆನ್ನೆಗಳು ಒಳಗೆ ಹೋಗಿದ್ದವು. ನೀರಿನ ತಂಬಿಗೆ ಎತ್ತಿದರೆ ಕೈ ನಡುಗುತ್ತಿತ್ತು. ಹಿಂಗಾರಿ ಜೋಳ ಬಿತ್ತುವ ಹೊತ್ತು ಹತ್ತಿರ ಬಂದಿತ್ತು. ಆ ಕೈಯಲ್ಲಿ ಅಪ್ಪ ಕೂರಿಗೆ ಹಿಡಿಯುವುದು ಹೇಗೆ ಎಂದು ಅವ್ವ ಯಾರಿಗೂ ಕೇಳಿಸದಂತೆ ನಿಟ್ಟುಸಿರು ಬಿಡುತ್ತಿದ್ದಳು. ಒಂದು ದಿನ ಅಕ್ಕ ಅಪ್ಪನನ್ನು ಬಸ್ಸಿಗೆ ಹತ್ತಿಸಿಕೊಂಡು ಲಿಂಗಸುಗೂರಿನ ದವಾಖಾನೆಗೆ ಹೋಗಿ ಬಂದಳು.

ಅಂದಿನಿಂದ ಅಕ್ಕನ ನಡೆ ಬದಲಾಯಿತು. ನಮ್ಮ ಗೋಡೆಗೆ ಗೋಡೆ ಹತ್ತಿಕೊಂಡಿದ್ದ ಮನೆ ಖಾಲಾಳದು. ಮುಸಲ್ಮಾನರ ಮನೆಯವಳು, ಅವರ ಮಾತಿನಲ್ಲಿ ಖಾಲಾ ಎಂದರೆ ಚಿಕ್ಕಮ್ಮ. ಖಾಲಾ ಊರಿನವರ ಬಟ್ಟೆ ಹೊಲಿಯುತ್ತಿದ್ದಳು, ಅಂಗಳದಲ್ಲಿ ಕೋಳಿ ಸಾಕಿದ್ದಳು. ಅಕ್ಕ ಅವಳ ಹತ್ತಿರ ಹೊಲಿಗೆ ಕಲಿಯುತ್ತಿದ್ದದ್ದು ಎಲ್ಲರಿಗೂ ಗೊತ್ತು. ಆದರೆ ಈಗ ಹೊಲಿಗೆಯ ಹೊತ್ತಲ್ಲದ ಹೊತ್ತಿನಲ್ಲೂ ಹೋಗುತ್ತಿದ್ದಳು. ಬರುವಾಗ ಸೆರಗಿನೊಳಗೆ ಏನೋ ಮುಚ್ಚಿಕೊಂಡು, ಮನೆಯೊಳಗೆ ಬಾರದೆ ನೆಟ್ಟಗೆ ದನದ ಕೊಟ್ಟಿಗೆಗೆ ಹೋಗುತ್ತಿದ್ದಳು.

"ಅಕ್ಕಾ, ಅದೇನು?" ಎಂದು ನಾನೊಮ್ಮೆ ಅಡ್ಡ ನಿಂತು ಕೇಳಿದೆ.

"ಏನಿಲ್ಲ ಬೇ. ಹೆಪ್ಪು ತರಾಕ ಹೋಗಿದ್ದೆ."

ಹೆಪ್ಪು? ನಮ್ಮ ನೆಲುವಿನ ಮೇಲೆ ಗಡಿಗೆ ತುಂಬ ಮೊಸರಿತ್ತು. ಹೆಪ್ಪನ್ನು ಯಾರಾದರೂ ಕೊಟ್ಟಿಗೆಗೆ ಒಯ್ಯುತ್ತಾರೆಯೇ? ನನಗೆ ಅನುಮಾನ ಹತ್ತಿತು. ಜಗಲಿಯ ಮೇಲೆ ಬತ್ತಿ ಹೊಸೆಯುತ್ತಿದ್ದ ಆಯಿಯೂ ಅಕ್ಕನ ಬೆನ್ನನ್ನೇ ನೋಡುತ್ತಿದ್ದದ್ದು ನನಗೆ ಕಂಡಿತು.

ಹೀಗಿರುವಾಗ ಮುದಗಲ್ಲಿನಿಂದ ಅತ್ತೆ, ಮಾವ ಬರುತ್ತಾರೆಂದು ಸುದ್ದಿ ಬಂತು. ಅತ್ತೆ ಅಪ್ಪನ ತಂಗಿ. ಅಣ್ಣನನ್ನು ನೋಡಿಕೊಂಡು ಹೋಗಲು ಬರುವವರಿದ್ದರು. ಅವ್ವ ಹೋಳಿಗೆ ಮಾಡುತ್ತೇನೆಂದಳು. ಅಕ್ಕ, "ಬ್ಯಾಡ ಬೇ, ಸೀತಾಫಲ ಹಣ್ಣಾಗ್ಯಾವ. ನಾ ಫಿರ್ನಿ ಮಾಡ್ತೀನಿ. ಖಾಲಾ ಕಲಿಸ್ಯಾಳ" ಎಂದಳು. ಫಿರ್ನಿ ಎಂದರೆ ನೀವು ಪುಡ್ಡಿಂಗ್ ಅನ್ನುತ್ತೀರಲ್ಲ, ಅದೇ ತರಹದ್ದು. ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಮಾಡಿರಲಿಲ್ಲ.

ಬೆಳಿಗ್ಗೆಯೇ ಅಕ್ಕ ನೆನೆಸಿಟ್ಟ ಅಕ್ಕಿಯನ್ನು ಒರಳಲ್ಲಿ ತರಿತರಿಯಾಗಿ ರುಬ್ಬಿದಳು. ಎಮ್ಮೆಯ ಹಾಲು ಒಲೆಯ ಮೇಲೆ ಕೆನೆಗಟ್ಟಿ ಉಕ್ಕುವಾಗ ಅದನ್ನು ಸುರಿದು, ಕೈ ಬಿಡದೆ ತಿರುವಿದಳು. ಹೊಗೆಗೆ ಅವಳ ಕಣ್ಣಲ್ಲಿ ನೀರು. ಸಕ್ಕರೆ ಬಿತ್ತು, ಯಾಲಕ್ಕಿ ಬಿತ್ತು. ಹಾಲು ಮೆಲ್ಲಗೆ ದಪ್ಪಗಾಗಿ, ಪುಟ್ಟ ಗುಳ್ಳೆಗಳು ಎದ್ದು ಒಡೆದು, ಮನೆಯೆಲ್ಲ ಘಮ್ಮೆಂದಿತು. ಅತ್ತ ನಾನು ಪರಾತದ ಮುಂದೆ ಕುಳಿತು ಹಣ್ಣು ಬಿಡಿಸುತ್ತಿದ್ದೆ. ಬಿಳಿ ತಿರುಳು ಬೆರಳಿಗೆ ಅಂಟುತ್ತಿತ್ತು, ಕರಿ ಬೀಜ ಜಾರಿ ಜಾರಿ ನೆಲದ ಮೇಲೆ ಓಡುತ್ತಿತ್ತು.

"ಬೀಜ ಒಂದೂ ಒಡಿಬಾರದು ನೋಡು. ಹಾಲು ಆರಿದ ಮ್ಯಾಲೆ ಹಣ್ಣು ಕೂಡಿಸ್ಬೇಕು. ಬಿಸಿಯಾಗ ಹಾಕಿದ್ರ ಕಹಿ ಆಗ್ತೈತಿ" ಎಂದಳು ಅಕ್ಕ. ಸೌಟನ್ನು ನನಗೆ ನೆಕ್ಕಲು ಕೊಟ್ಟಳು. ಅಷ್ಟು ನುಣುಪಾದ ಸಿಹಿಯನ್ನು ನನ್ನ ನಾಲಿಗೆ ಅದುವರೆಗೆ ಕಂಡಿರಲಿಲ್ಲ.

ಹಾಲು ಆರುವಷ್ಟರಲ್ಲಿ ಅಕ್ಕ ಮತ್ತೆ ಖಾಲಾಳ ಮನೆಗೆ ಹೋದಳು. ಬಂದಾಗ ಸೆರಗು ಮುಚ್ಚಿತ್ತು. ಮತ್ತೆ ಕೊಟ್ಟಿಗೆ. ಮತ್ತೆ ಖಾಲಿ ಕೈ. ಬಂದವಳೇ ಕೈ ತೊಳೆದು, ಹಾಲಿಗೆ ತಿರುಳು ಕೂಡಿಸಿ, ಮಣ್ಣಿನ ಕುಡಿಕೆಗಳಿಗೆ ತುಂಬಿ, ಒದ್ದೆ ಬಟ್ಟೆ ಹೊದಿಸಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಅತ್ತೆ, ಮಾವ ಬಂದರು. ಆಯಿ ಒಂದು ಕುಡಿಕೆಯ ಬಟ್ಟೆ ಸರಿಸಿ ನೋಡಿದಳು. ಮೂಸಿದಳು. ಕುಡಿಕೆಯನ್ನು ಓರೆ ಮಾಡಿದಳು. ಫಿರ್ನಿ ಅಲುಗಲಿಲ್ಲ.

"ಹಾಲು ಹಿಂಗ ಮಿಸುಕಾಡದಂಗ ನಿಂದ್ರಬೇಕಂದ್ರ ಅದರಾಗ ಏನಾರ ಬಿದ್ದಿರಬೇಕು" ಎಂದಳು ತನ್ನಷ್ಟಕ್ಕೇ. ಆಮೇಲೆ ಸೀತಾಫಲದ ಸಿಪ್ಪೆಯ ಬುಟ್ಟಿ ಎತ್ತಿಕೊಂಡು ಹಿತ್ತಲಿನ ತಿಪ್ಪೆಗೆ ಹೋದಳು.

ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಅವಳ ಕೈಯಲ್ಲಿ ಒಂದು ಮುತ್ತಲ ಎಲೆ. ಎಲೆಯ ಮೇಲೆ, ಕಡ್ಡಿಯಿಂದ ಎತ್ತಿ ಹಾಕಿದ ಬಿಳಿ ಚೂರುಗಳು. ತತ್ತಿಯ ಸಿಪ್ಪೆ! ಪಡಸಾಲೆಯಲ್ಲಿ ಕೂತಿದ್ದ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು.

"ಏನಬೇ ಇದು?" ಆಯಿ ಎಲೆಯನ್ನು ಅಕ್ಕನ ಮುಖದ ಮುಂದೆ ಹಿಡಿದಳು.

ಅಕ್ಕನ ಮುಖ ಬಿಳಿಚಿಕೊಂಡಿತು.

"ದಿನಾ ಸೆರಗು ಮುಚ್ಚಿಕೊಂಡು ಬಾಜು ಮನಿಯಿಂದ ಬರ್ತಿದ್ದಿ. ನನ್ನ ಕಣ್ಣು ಹೋಗ್ಯಾವ ಅಂತ ತಿಳಕೊಂಡಿಯೇನು? ಇದನ್ನ ಹಾಕೇ ಹಾಲು ಗಟ್ಟಿ ಮಾಡಿದಿ, ಹೌದಿಲ್ಲ?"

"ಇಲ್ಲ ಆಯಿ. ಫಿರ್ನ್ಯಾಗ ಅದಿಲ್ಲ. ಅಕ್ಕಿ ಐತಿ, ಅಷ್ಟ."

"ಹಂಗಾದ್ರ ಇದು ನಮ್ಮ ತಿಪ್ಪಿಗೆ ಎಲ್ಲಿಂದ ಬಂತು?"

ಅಕ್ಕ ತುಟಿ ಕಚ್ಚಿಕೊಂಡು ನೆಲ ನೋಡಿದಳು. ಅವಳು ಸುಮ್ಮನಿದ್ದಷ್ಟೂ ನನಗೆ ಆಯಿ ಹೇಳಿದ್ದೇ ನಿಜ ಅನ್ನಿಸತೊಡಗಿತು. ಸೆರಗಿನೊಳಗಿನ ವಸ್ತು, ಕೊಟ್ಟಿಗೆ, ಇಲ್ಲದ ಹೆಪ್ಪು ಎಲ್ಲ ಒಂದಕ್ಕೊಂದು ಕೂಡಿಕೊಂಡವು. ಕೂಡಲೇ ನೆನಪಾಯಿತು, ನಾನು ಸೌಟು ನೆಕ್ಕಿದ್ದೆ! ನನ್ನ ಹೊಟ್ಟೆಯೊಳಗೆ ತತ್ತಿ ಇದೆ, ಇನ್ನು ಆಯಿ ನನ್ನನ್ನು ದೇವರ ಕೋಣೆಗೆ ಬಿಡುವುದಿಲ್ಲ ಎಂದು ನಾನು ಅಳುವುದಕ್ಕೇ ಶುರು ಮಾಡಿದೆ.

"ಲಿಂಗ ಕಟ್ಟಿದ ಮೈ ನನ್ನದು. ನನಗ ಇದನ್ನ ತಿನ್ನಸಾಕ ನಿಂತಿದ್ದಿ. ಇನ್ನ ನಿನ್ನ ಕೈಯಾಗಿನ ನೀರು ಸೈತ ನನಗ ಬ್ಯಾಡ. ಆ ಮನಿ ಹೊಸ್ತಿಲೂ ತುಳಿಬ್ಯಾಡ ನೀ." ಅವ್ವ ಕುಡಿಕೆಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಎಮ್ಮೆಯ ಬಾನಿಗೆ ಸುರಿಯಲು ಹೊರಟಳು. ಅಕ್ಕನ ಕಣ್ಣಿಂದ ನೀರು ಇಳಿಯುತ್ತಿತ್ತು.

ಆಗ ಕೊಟ್ಟಿಗೆಯ ಕಡೆಯಿಂದ ಅಪ್ಪ ಬಂದ. ಗೋಡೆ ಹಿಡಿದುಕೊಂಡು ಬಂದು, ಏದುಸಿರು ಬಿಡುತ್ತ ಕಂಬಕ್ಕೆ ಒರಗಿ ನಿಂತ.

"ಯವ್ವಾ, ಆಕಿಗೆ ಬೈಬ್ಯಾಡ. ಆ ತತ್ತಿ ತಿಂದಾಂವ ನಾ."

ಅವ್ವ ಕುಡಿಕೆಗಳ ಬುಟ್ಟಿಯನ್ನು ಅಲ್ಲೇ ನೆಲಕ್ಕಿಳಿಸಿದಳು.

"ಡಾಕ್ಟರ ಹೇಳ್ಯಾರ. ತತ್ತಿ ತಿನ್ನಲಿಲ್ಲಂದ್ರ ಮೈಯಾಗ ತಾಕತ್ತು ಜಲ್ದಿ ಬರೂದಿಲ್ಲ, ಈ ಸಲ ಬಿತ್ತಿಗಿ ಮರತುಬಿಡು ಅಂದ್ರು. ನಾ ಒಲ್ಲೆ ಅಂದೆ. ಈಕಿ ಬಿಡಲಿಲ್ಲ. ಬಾಜು ಮನ್ಯಾಗ ಕುದಿಸಿ ಕೊಟ್ಟಿಗ್ಯಾಗ ತಂದು ಕೊಡಾಕತ್ತಾಳ."

"ನನಗ ಯಾಕ ಹೇಳಲಿಲ್ಲಪಾ?"

"ಹೇಳಿದ್ರ ನೀ ಉಪವಾಸ ಕುಂದರತಿದ್ದಿ. ಯಾರಿಗೂ ಹೇಳಬ್ಯಾಡಂತ ನಾನೇ ಈಕಿ ಕಡಿಂದ ಆಣಿ ಮಾಡಿಸ್ಕೊಂಡಿದ್ದೆ."

ಗದ್ದಲ ಕೇಳಿ ಖಾಲಾ ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಕೊರಳಲ್ಲಿ ಅಳತೆಯ ಪಟ್ಟಿ ಹಾಗೇ ಜೋತಾಡುತ್ತಿತ್ತು. ಆಯಿ ಅವಳ ಕಡೆ ತಿರುಗಿ, "ನೀನೂ ಇದರಾಗ ಸೇರಿದಿಯೇನು?" ಎಂದಳು.

"ಹೂಂ ದೊಡ್ಡವ್ವಾ, ಸೇರೀನಿ. ಅಣ್ಣಾರು ಎದ್ದು ತಿರುಗಾಡ್ಲಿ ಅಂತ ಮಾಡೀನಿ. ಅದಕ್ಕಂತ ಬೇರೆ ಪಾತೇಲಿ ಇಟ್ಟೀನಿ. ಫಿರ್ನಿ ನಿಮ್ಮ ಒಲಿ ಮ್ಯಾಲೆ, ನಿಮ್ಮ ಭಾಂಡ್ಯಾದಾಗ ಆಗೈತಿ. ಖುದಾ ಕಸಂ, ಅದರಾಗ ತತ್ತಿ ಇಲ್ಲ."

ಆಯಿ ಒಪ್ಪಲಿಲ್ಲ. ಅಷ್ಟು ಸುಲಭವಾಗಿ ಒಪ್ಪಿದರೆ ಅವಳು ಆಯಿ ಹೇಗಾದಾಳು? ಎಲೆಯನ್ನು ಹೊರಗೆ ಇಟ್ಟು, ಕೈಕಾಲು ತೊಳೆದು ಬಂದು, ಒಲೆಯ ಮುಂದೆ ಮಣೆ ಹಾಕಿ ಕುಳಿತಳು. "ಮತ್ತೊಮ್ಮೆ ಮಾಡು. ನನ್ನ ಕಣ್ಣ ಮುಂದ" ಎಂದಳು ಅಕ್ಕನಿಗೆ.

ಅಕ್ಕ ಕಣ್ಣೊರೆಸಿಕೊಂಡು ಉಳಿದ ಹಾಲನ್ನು ಒಲೆಗಿಟ್ಟಳು. ಒರಳಲ್ಲಿ ಮಿಕ್ಕಿದ್ದ ಅಕ್ಕಿ ತರಿಯನ್ನು ಆಯಿ ಬೆರಳಲ್ಲಿ ಉಜ್ಜಿ, ಮೂಸಿ, ನಾಲಿಗೆಗೆ ಹಚ್ಚಿ ನೋಡಿ ಕೊಟ್ಟಳು. ಸಕ್ಕರೆಯನ್ನೂ ಮೂಸಿದಳು. ಅತ್ತೆ, ಮಾವ, ಅವ್ವ, ಬಾಗಿಲಲ್ಲಿ ಖಾಲಾ, ಎಲ್ಲರೂ ಆ ಒಂದು ಪಾತ್ರೆಯನ್ನು ನೋಡುತ್ತ ನಿಂತೆವು. ಹಾಲು ಕುದಿಯಿತು. ಅಕ್ಕ ತಿರುವುತ್ತಲೇ ಇದ್ದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಸೌಟಿನ ಹಿಂದೆ ಒಂದು ಗೆರೆ ಮೂಡಿತು. ಗೆರೆ ಉಳಿಯತೊಡಗಿತು. ಹಾಲು ದಪ್ಪವಾಗಿ, ಸೌಟಿನಿಂದ ಎತ್ತಿ ಬಿಟ್ಟರೆ ತೊಟ್ಟಿಕ್ಕಲಾರದೆ ಜೋತು ಬಿತ್ತು.

"ಬರೇ ಅಕ್ಕಿ!" ಎಂದಳು ಆಯಿ. ಎದ್ದು ಹೋಗಿ ಅವ್ವನ ಬುಟ್ಟಿಯಿಂದ ಒಂದು ಕುಡಿಕೆ ಎತ್ತಿಕೊಂಡಳು. ಬೆರಳಿಂದಲೇ ಒಂದು ತುತ್ತು ಬಾಯಿಗಿಟ್ಟಳು. ಕಣ್ಣು ಮುಚ್ಚಿಕೊಂಡು ನಿಧಾನವಾಗಿ ನುಂಗಿದಳು. ಮತ್ತೊಂದು ತುತ್ತು. ಕುಡಿಕೆ ಖಾಲಿಯಾಯಿತು. ಆಮೇಲೆ ಅಕ್ಕನ ಕಡೆ ಖಾಲಿ ಕುಡಿಕೆ ಚಾಚಿ, "ನೀರು ಕೊಡು" ಎಂದಳು.

ಅಕ್ಕ ನೀರು ಕೊಟ್ಟಳು. ಆಯಿ ಕುಡಿದು, ಬಾಯಿ ಒರೆಸಿಕೊಂಡು ಅಪ್ಪನ ಮುಂದೆ ಹೋಗಿ ನಿಂತಳು. ಎಷ್ಟೋ ದಿನಗಳ ಮೇಲೆ ಅವನ ಮುಖವನ್ನು ಸರಿಯಾಗಿ ನೋಡುತ್ತಿರುವವಳಂತೆ ನೋಡಿದಳು. ಕೆನ್ನೆ ಮುಟ್ಟಿದಳು.

"ನನ್ನ ಮಗ ಎಮ್ಮಿ ಸಂದ್ಯಾಗ ಕುಂತು ಕಳ್ಳನಂಗ ತಿನ್ನೂದು ಬ್ಯಾಡ" ಎಂದಳು ಖಾಲಾಳಿಗೆ. "ನನ್ನ ಹೊಸ್ತಿಲೊಳಗ ಅದು ಬರಬಾರದು, ಅಷ್ಟ. ನಿಮ್ಮ ಪಡಸಾಲ್ಯಾಗ ಕುಂದ್ರಿಸಿ ತಿನ್ಸು. ಗಟ್ಟಿ ಆಗೂತನಕ ತಿನ್ಸು."

ಮಾವ ಅಂದು ಸಂಜೆಯ ಬಸ್ಸಿಗೆ ಮುದಗಲ್ಲಿಗೆ ಹೊರಡಬೇಕಿತ್ತು. "ಅತ್ತಿಯವರ, ಬಿತ್ತಿಗಿ ಮುಗಿಸಿಕೊಂಡೇ ಹೋಗ್ತೀನಿ ನಾ" ಎಂದು ಆಯಿಗೆ ಹೇಳಿ ಅಂಗಿ ಕಳಚಿ ಗೂಟಕ್ಕೆ ತೂಗುಹಾಕಿದ. ಆ ವರ್ಷ ಅವನೇ ಮೊದಲ ಸಾಲು ಹೊಡೆದ. ಕೊನೆಕೊನೆಯ ಸಾಲುಗಳಿಗೆ ಅಪ್ಪನೂ ಕೂರಿಗೆ ಹಿಡಿದ.

ಅಕ್ಕನಿಗೆ ಆಯಿ ತಪ್ಪಾಯಿತು ಎಂದದ್ದು ನಾನು ಕೇಳಲಿಲ್ಲ. ಆದರೆ ಅಂದು ಎಣ್ಣೆ ಹಚ್ಚುವ ವಾರವಲ್ಲದಿದ್ದರೂ ಸಂಜೆ ಜಗಲಿಯ ಮೇಲೆ ಅಕ್ಕನನ್ನು ಮುಂದೆ ಕೂರಿಸಿಕೊಂಡು, ತಲೆತುಂಬ ಎಣ್ಣೆ ಹಚ್ಚಿ, ಬಹಳ ಹೊತ್ತು ಬಾಚಿದಳು. ನಾನು ಪಕ್ಕದಲ್ಲಿ ಕುಳಿತು ಎರಡನೆಯ ಕುಡಿಕೆ ಕೆರೆಯುತ್ತಿದ್ದೆ.

ಈಗ ನಾವು ಸಿಂಧನೂರಿನಲ್ಲಿದ್ದೇವೆ. ತಳ್ಳುಗಾಡಿಯಲ್ಲಿ ಬರುವ ಸೀತಾಫಲ ಅಂಗೈಗಿಂತ ದೊಡ್ಡವು, ಬೀಜ ಕಡಿಮೆ. ನೀವು ಪುಡಿಯ ಪೊಟ್ಟಣ ಕತ್ತರಿಸಿ, ಹಾಲಿಗೆ ಕಲಸಿ, ಹಣ್ಣು ಹಾಕಿ ಫ್ರಿಜ್ಜಿನಲ್ಲಿಡುತ್ತೀರಿ. ಒಂದು ಆಟ ಮುಗಿಸಿ ಬರುವಷ್ಟರಲ್ಲಿ ಪುಡ್ಡಿಂಗ್ ಸಿದ್ಧ. ಪೊಟ್ಟಣ ಕೊಳ್ಳುವಾಗ ಹಸಿರು ಚುಕ್ಕೆ ಇದೆಯೇ ಎಂದು ತಿರುಗಿಸಿ ನೋಡುತ್ತೀರಿ, ಇದ್ದರೆ ನಿಮ್ಮ ಅನುಮಾನ ಅಲ್ಲಿಗೇ ಮುಗಿಯುತ್ತದೆ. ಮೊನ್ನೆ ನಿಮ್ಮಲ್ಲಿ ಕಿರಿಯವಳನ್ನು ಕರೆತರಲು ಶಾಲೆಗೆ ಹೋದಾಗ ಮಕ್ಕಳೆಲ್ಲ ಊಟಕ್ಕೆ ಕುಳಿತಿದ್ದರು. ತತ್ತಿ ತಿನ್ನುವವರಿಗೆ ತತ್ತಿ, ತಿನ್ನದವರಿಗೆ ಬಾಳೆಹಣ್ಣು ಹಂಚಿದ್ದರು. ಅವಳು ಬಾಳೆಹಣ್ಣು ಸುಲಿಯುತ್ತಿದ್ದಳು. ಅವಳ ತೊಡೆಗೆ ತೊಡೆ ತಾಗಿಸಿ ಕುಳಿತ ಗೆಳತಿ ತತ್ತಿ ಸುಲಿಯುತ್ತಿದ್ದಳು. ಇಬ್ಬರೂ ಯಾವುದೋ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದರು. ನಾನು ಗೇಟಿನ ಹೊರಗೇ ನಿಂತೆ. ನಗು ಮುಗಿಯಲಿ, ಆಮೇಲೆ ಕರೆದರಾಯಿತು ಅನ್ನಿಸಿತು.