ಸ್ಟೆಪ್ನಿ ಜಾಗದಲ್ಲಿ ಮಡಿಲ ಕಾಯಿ

ಹಾಗಲವಾಡಿ ಪಕ್ಕದ ನಮ್ಮೂರಿಂದ ಬುಧವಾರ ಹೊತ್ತು ಮೂಡುವಾಗಲೇ ಕುಣಿಗಲ್‌ಗೆ ಹೊರಟೆವು. ಕಾರಿನಲ್ಲಿ ಮೂವರು. ಓಡಿಸಲು ಮಗ ನಾಗರಾಜ, ಅವನ ಪಕ್ಕ ಸೊಸೆ ಸುಧಾ, ಹಿಂದಿನ ಸೀಟಿನಲ್ಲಿ ಅಕ್ಕಿ, ಬೆಲ್ಲ, ಬಳೆ, ಸೀರೆ ಚೀಲಗಳ ಜೊತೆ ನಾನು. ಹಸು ನೋಡಿಕೊಳ್ಳಲು ಯಜಮಾನರು ಮನೆಯಲ್ಲಿ ಉಳಿದರು.

ಇವರಿಬ್ಬರ ಮಗಳು, ನನ್ನ ಮೊಮ್ಮಗಳು ಚೈತ್ರಳನ್ನು ಕುಣಿಗಲ್‌ಗೆ ಕೊಟ್ಟಿದ್ದೇವೆ. ಅವಳಿಗೆ ಏಳು ತಿಂಗಳು, ಅವತ್ತು ಸೀಮಂತ. ನಮ್ಮ ಮನೆತನದಲ್ಲಿ ತವರಿನ ಮಡಿಲಕ್ಕಿಯೇ ಮೊದಲು ಬೀಳಬೇಕು. ಹೆತ್ತ ತಾಯಿ ಮಡಿಲು ತುಂಬುವವರೆಗೆ ಬಸುರಿ ಅನ್ನ ಮುಟ್ಟುವಂತಿಲ್ಲ. ಬುಧವಾರ ಹನ್ನೆರಡರಿಂದ ಒಂದೂವರೆ ರಾಹುಕಾಲ. ಅದಕ್ಕೆ ಮುಂಚೆ ನಾವು ಮುಟ್ಟದಿದ್ದರೆ ಅದು ಕಳೆಯುವ ತನಕ ಆ ಹುಡುಗಿ ಹಸಿದುಕೊಂಡೇ ಕೂರಬೇಕು.

ಮಡಿಲಿಗೆ ಹಾಕುವ ಕಾಯಿಗೆ ಯಾರ ಕಾಲೂ ತಗುಲಬಾರದು. ಕಾರಿನಲ್ಲಿ ಎಲ್ಲಿಟ್ಟರೂ ಕಾಲೇ. ಹಿಂದಿನ ರಾತ್ರಿಯೇ ಡಿಕ್ಕಿ ತೆಗೆಸಿ ನೋಡಿದೆ. ಅದರ ಮ್ಯಾಟಿನ ಕೆಳಗೆ ಗುಂಡಗೆ ಒಂದು ಗುಂಡಿ, ಅದರಲ್ಲಿ ಸ್ಟೆಪ್ನಿ ಮಲಗಿತ್ತು. ಅದನ್ನು ಎತ್ತಿಸಿ ಕೊಟ್ಟಿಗೆ ಗೋಡೆಗೆ ಒರಗಿಸಿದೆ. ಗುಂಡಿ ಒರೆಸಿ, ಹೊಸ ಟವೆಲ್ ಹಾಸಿ, ಜುಟ್ಟು ಬಿಟ್ಟು ಸುಲಿದ ಕಾಯಿಗಳನ್ನು ಜೋಡಿಸಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು. "ಅವ್ವ, ಸ್ಟೆಪ್ನಿ ಇಲ್ದೆ ಹೆಂಗೆ?" ಅಂದ ನಾಗ. "ಎರಡು ವರ್ಷದಿಂದ ಅದು ಕೆಳಕ್ಕೆ ಇಳ್ದಿದ್ದು ನೋಡಿಲ್ಲ ಕಣೋ. ಒಂದಿನ ಮನೇಲಿರ್ಲಿ" ಅಂದೆ.

ಗುಬ್ಬಿಯಲ್ಲಿ ಹೂವು ಕೊಂಡೆವು. ಹೂವಿನವಳು ಮಲ್ಲಿಗೆ ಮಾರಿಗೆ ನೂರು ಅಂದಳು, ಎಂಬತ್ತಕ್ಕೆ ಕೊಟ್ಟಳು. ತುಮಕೂರಿನ ಒಂದು ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದೆವು. ಇಡ್ಲಿ ಮೆತ್ತಗಿತ್ತು, ಚಟ್ನಿ ನೀರು. ಇಷ್ಟು ತೆಂಗು ಬೆಳೆಯುವ ಸೀಮೆಯಲ್ಲಿ ಚಟ್ನಿಗೆ ನೀರು ಹಾಕುವವರನ್ನು ಏನನ್ನಬೇಕೋ ಗೊತ್ತಿಲ್ಲ. ಮೋಡ ಇತ್ತು, ಮಳೆ ಇಲ್ಲ. ಅಲ್ಲಿಂದ ಕುಣಿಗಲ್ ಮೂವತ್ತೈದು ಕಿಲೋಮೀಟರ್ ಚಿಲ್ಲರೆ. ಆರಾಮಾಗಿ ಹತ್ತಕ್ಕೆ ಮುಟ್ಟುತ್ತಿದ್ದೆವು.

ಗೂಳೂರು ದಾಟಿ ಸ್ವಲ್ಪ ದೂರ ಹೋಗಿದ್ದೆವು. ಎದುರಿಂದ ಬಂದ ಟಿಪ್ಪರಿಗೆ ಜಾಗ ಬಿಡಲು ನಾಗ ಕಾರನ್ನು ಅಂಚಿಗೆ ಇಳಿಸಿದ. ಢಬ್ ಅಂತ ಸದ್ದಾಯಿತು. ಇಳಿದು ನೋಡಿದರೆ ಎಡಗಡೆ ಟೈರಿನ ಪಕ್ಕೆಯೇ ಕಲ್ಲಿಗೆ ಸಿಕ್ಕಿ ಹರಿದಿತ್ತು. ನಾಗ ಡಿಕ್ಕಿ ಕಡೆ ನೋಡಿದ, ಆಮೇಲೆ ನನ್ನ ಕಡೆ ನೋಡಿದ.

ಸುಧಾ ಫೋನ್ ತೆಗೆದಳು. ಕಾರು ಕೆಟ್ಟರೆ ದಾರಿಗೇ ಬಂದು ನೋಡುವ ಒಂದು ಸ್ಕೀಮಿಗೆ ಅವಳು ದುಡ್ಡು ಕಟ್ಟಿದ್ದಳು. ಅಂಥವುಗಳಲ್ಲೆಲ್ಲ ಅಗ್ಗದ್ದಂತೆ, ವರ್ಷಕ್ಕೆ ಎಂಟುನೂರು. "ಅಗ್ಗದ ಹಗ್ಗದಲ್ಲಿ ನೀರು ಸೇದಿದ್ರೆ ಕೊಡ ಬಾವೀಲೇ ಉಳಿಯುತ್ತೆ ಕಣೇ" ಅಂತ ನಾನು ಆವತ್ತೇ ಹೇಳಿದ್ದೆ. ಮೊದಲ ಸಲ ಫೋನ್ ಮಾಡಿದಾಗ ಬರೀ ಹಾಡು ಬಂತು. ಎರಡನೇ ಸಲವೂ ಹಾಡು. ಮೂರನೇ ಸಲ ಒಂದು ಹುಡುಗಿ ಸಿಕ್ಕಿದಳು. ಹುಬ್ಬಳ್ಳಿ ಕಡೆಯವಳು, ಮಾತಿನಲ್ಲೇ ಗೊತ್ತಾಯಿತು. ಸುಧಾ ಗಾಬರಿಯಲ್ಲಿ ತಡವರಿಸುತ್ತಿದ್ದಳು, ನಾನೇ ಫೋನ್ ಕಿತ್ತುಕೊಂಡೆ.

"ನಾವೆಲ್ಲಿದೀವಿ ಅಂತ ಹೆಂಗೆ ಹೇಳದವ್ವ? ಇಲ್ಲಿ ಬೋರ್ಡೂ ಇಲ್ಲ, ಮನೇನೂ ಇಲ್ಲ."

"ನೀವು ಹೇಳೂದು ಬ್ಯಾಡ್ರಿ ಅಜ್ಜಿ. ನೀವೆಲ್ಲಿ ಅದೀರಿ ಅಂತ ನನಗಿಲ್ಲಿ ಕಾಣಸ್ತೈತಿ. ಗೂಳೂರು ದಾಟೀರಿ, ಹೆಬ್ಬೂರು ಇನ್ನೂ ಮುಂದೈತಿ. ನಿಮ್ಮ ಬಲಕ್ಕ ಒಂದು ಕೆರಿ ಇರಬೇಕು ನೋಡ್ರಿ."

ಬಲಕ್ಕೆ ತಿರುಗಿದೆ. ತೋಪಿನ ಸಂದಿಯಲ್ಲಿ ಕೆರೆ ಇತ್ತು. ಅಲ್ಲೇ ನಿಂತಿದ್ದ ನಾನೇ ಅದನ್ನು ನೋಡಿರಲಿಲ್ಲ.

"ಕೆರೇಲಿ ನೀರೈತಾ ಹೇಳು ನೋಡಣ."

"ಅದು ಕಾಣಂಗಿಲ್ರಿ ಅಜ್ಜಿ" ಅಂತ ನಕ್ಕಳು.

ನನ್ನ ಮೈ ಜುಂ ಅಂದಿತು. ನಮ್ಮೂರಿನಲ್ಲಿ ದೇವರು ಮೈಮೇಲೆ ಬಂದವರೂ ಇಷ್ಟು ನೆಟ್ಟಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಬೈಕಿನಲ್ಲಿ ಮೆಕ್ಯಾನಿಕ್ ಬರಲು ಮುಕ್ಕಾಲು ಗಂಟೆಯಾಯಿತು. ಬಂದವನೇ ಜಾಕ್ ತೆಗೆದಿಟ್ಟು, ಡಿಕ್ಕಿಯ ಮ್ಯಾಟ್ ಎತ್ತಿದ. ಎತ್ತಿಕೊಂಡೇ ನಿಂತ.

"ಅಣ್ಣ, ಸ್ಟೆಪ್ನಿ?"

"ಕೊಟ್ಟಿಗೇಲಿ ಐತೆ" ಅಂದ ನಾಗ.

"ಇದ್ರಲ್ಲಿ ಎಣ್ಣೆ ಬಾಟ್ಲಿ ಕಂಡಿದೀನಿ, ಮಕ್ಕಳ ಬಟ್ಟೆ ಕಂಡಿದೀನಿ. ಕಾಯಿ ಇದೇ ಫಸ್ಟು. ಇದ್ನ ಹೆಂಗೆ ಫಿಟ್ ಮಾಡ್ಲಿ ಅಜ್ಜಿ?"

"ಮುಟ್ಟಬ್ಯಾಡ. ಮಡ್ಲು ತುಂಬೋ ಕಾಯಿ ಅವು" ಅಂದೆ. ಅವನು ಕೈ ಹಿಂದಕ್ಕೆಳೆದುಕೊಂಡು ಮ್ಯಾಟನ್ನು ಮೆಲ್ಲಗೆ ಮುಚ್ಚಿದ.

ಹರಿದ ಪಕ್ಕೆಗೆ ಪಂಕ್ಚರ್ ಹಾಕಲು ಬರುವುದಿಲ್ಲವಂತೆ. ಹೊಸ ಟೈರೇ ಬೇಕು, ಆ ಸೈಜು ಹೆಬ್ಬೂರಲ್ಲಿ ಇಲ್ಲ, ಕುಣಿಗಲ್‌ನಲ್ಲಿದೆ. ಕಾರು ಹೊರುವ ಲಾರಿ ಬರಬೇಕು. ಸುಧಾ ಮತ್ತೆ ಫೋನ್ ಮಾಡಿದಳು. ಅಗ್ಗದ ಸ್ಕೀಮಿಗೆ ಮೂವತ್ತು ಕಿಲೋಮೀಟರ್ ತನಕ ಮಾತ್ರ ಪುಕ್ಕಟೆ ಅಂದರು. ಕುಣಿಗಲ್ ಅದರೊಳಗೆ ಬಂತು. ಆದರೆ ಲಾರಿಯಲ್ಲಿ ಡ್ರೈವರ್ ಪಕ್ಕ ಇಬ್ಬರಿಗೇ ಜಾಗ, ಕಾರನ್ನು ಇಳಿಸುವುದು ಟೈರ್ ಅಂಗಡಿಯಲ್ಲೇ, ದಾರಿಯಲ್ಲಿ ಎಲ್ಲೂ ನಿಲ್ಲಿಸುವಂತಿಲ್ಲ.

ಕಾಯಿ ಎತ್ತಿಕೊಂಡು ಬಸ್ ಹತ್ತೋಣವೆಂದರೆ ಬಸ್ಸಿನ ತುಂಬ ಕಾಲು. ಸುಧಾ ಕಾರು ಬಿಟ್ಟು ಬರುವಂತಿಲ್ಲ. ಹತ್ತಿಸುವಾಗ ಒಂದು ಓಟಿಪಿ, ಇಳಿಸುವಾಗ ಇನ್ನೊಂದು, ಎರಡೂ ಅವಳ ಫೋನಿಗೇ ಬರುವುದು. ಮಡಿಲು ತುಂಬಬೇಕಾದವಳೂ ಅವಳೇ. "ನೀನು ಬಸ್ಸಲ್ಲಿ ಹೋಗಿ ಬೀಗರಿಗೆ ವಿಷ್ಯ ಮುಟ್ಸು" ಅಂತ ನಾಗನನ್ನು ಕಳಿಸಿದೆ. ಅಷ್ಟರಲ್ಲಿ ಚೈತ್ರಳ ಫೋನ್ ಬಂತು. "ಅಜ್ಜಿ, ಎಲ್ಲಿದೀರಾ? ಹೊಟ್ಟೆ ಚುರುಗುಟ್ತೈತೆ. ಒಳಗಿರೋದು ಒದೀತೈತೆ."

"ಒದೀಲಿ ಬುಡು. ನಿಮ್ಮಪ್ಪನೂ ಹಂಗೇ ಒದೀತಿದ್ದ" ಅಂದೆ. ಫೋನ್ ಇಟ್ಟ ಮೇಲೆ ಹೊತ್ತು ನೋಡಿದೆ. ಹನ್ನೊಂದಾಗಲು ಸ್ವಲ್ಪವೇ ಬಾಕಿ.

ಆಮೇಲೆ ಬಂತು ಲಾರಿ. ಅದರ ಬೆನ್ನು ಹಿಂದಕ್ಕೆ ಜಾರಿತು, ಓರೆಯಾಯಿತು, ಹಸು ಕರುವನ್ನು ನೆಕ್ಕಲು ನಾಲಿಗೆ ಚಾಚಿದ ಹಾಗೆ ನೆಲಕ್ಕೆ ತಾಗಿತು. ಡ್ರೈವರ್ ಬಾಷಾ, ನಾಗನ ವಯಸ್ಸಿನವನು, ಕಾರಿನ ಮೂತಿಗೆ ಉಕ್ಕಿನ ಹಗ್ಗ ಸಿಕ್ಕಿಸಿ ಒಂದು ಗುಂಡಿ ಒತ್ತಿದ. ಯಾರೂ ನೂಕಲಿಲ್ಲ, ಯಾರೂ ಎಳೆಯಲಿಲ್ಲ, ಕಾರು ತಾನೇ ಮೇಲೆ ಹೋಯಿತು. ಕಿವಿ ಕೊಟ್ಟು ನಿಂತಿದ್ದೆ, ಒಂದು ಕಾಯಿ ಕೂಡ ಉರುಳಿದ ಸದ್ದು ಬರಲಿಲ್ಲ. ಎತ್ತಿನ ಗಾಡಿ ಹೂತರೆ ಊರಿನ ಗಂಡಸರೆಲ್ಲ ಹೆಗಲು ಕೊಟ್ಟು ಎತ್ತುತ್ತಿದ್ದುದನ್ನು ಕಂಡವಳು ನಾನು. ಇಲ್ಲಿ ಒಬ್ಬನ ಒಂದು ಬೆರಳು. ಬಾಯಿ ತೆರೆದುಕೊಂಡು ನಿಂತಿದ್ದೆನಂತೆ, ಸುಧಾ ಆಮೇಲೆ ಹೇಳಿದಳು.

ಬಾಷಾ ನನ್ನ ರಟ್ಟೆ ಹಿಡಿದು ಮೇಲೆ ಹತ್ತಿಸಿಕೊಂಡ. ಅಷ್ಟು ಎತ್ತರದಿಂದ ದಾರಿ ನೋಡಿದ್ದು ಅದೇ ಮೊದಲು. ತೋಟಗಳ ಬೇಲಿಯಾಚೆ ಇರುವುದೆಲ್ಲ ಕಾಣುತ್ತಿತ್ತು. ಯಾರ ತೋಟದಲ್ಲಿ ಕಳೆ ಇದೆ, ಯಾರ ತೆಂಗಿಗೆ ನುಸಿ ಬಿದ್ದಿದೆ, ಎಲ್ಲ. ಮಡಿಲ ಕಾಯಿಗಳು ಈಗ ಎಲ್ಲರ ಕಾಲಿಗಿಂತ ಮೇಲಿದ್ದವು, ನನ್ನ ತಲೆಗಿಂತಲೂ ಮೇಲೆ.

"ಬೀಗರ ಮನೆ ರಸ್ತೆ ಮಗ್ಗುಲಲ್ಲೇ ಐತಪ್ಪ. ಒಂದು ಗಳಿಗೆ ನಿಲ್ಸು."

"ಆಫೀಸಲ್ಲಿ ಕೂತ್ಕೊಂಡೇ ನೋಡ್ತಾರೆ ಅಮ್ಮ. ನಿಲ್ಸಿದ್ರೆ ಫೋನ್ ಬರುತ್ತೆ, ಫೈನ್ ಹಾಕ್ತಾರೆ. ನಮ್ಮನೇಲೂ ಒಬ್ಳು ಬಸುರಿ ಅವ್ಳೆ, ನಿಮ್ಮ ಕಷ್ಟ ಗೊತ್ತಾಗುತ್ತೆ. ಅಂಗ್ಡೀಗೆ ಬೇಗ ಮುಟ್ಟಿಸ್ತೀನಿ, ಅಷ್ಟೇ ನನ್ ಕೈಲಾಗೋದು."

ಸುಧಾ ಅಳುವ ಹಾಗಿದ್ದಳು. ನಾನು ನಾಗನಿಗೆ ಫೋನ್ ಮಾಡಿಸಿದೆ. ಅವನ ಬಸ್ ಆಗಲೇ ಮುಟ್ಟಿತ್ತು. "ಹನ್ನೆರಡರೊಳಗೆ ನಾವು ಮನೇಗೆ ಬರಾಕಾಗಲ್ಲ. ಚೈತ್ರನ್ನ ಆಟೋದಲ್ಲಿ ಟೈರ್ ಅಂಗ್ಡೀಗೆ ಕರ್ಕಂಬಾ" ಅಂದೆ.

ಲಾರಿ ಅಂಗಡಿ ಮುಟ್ಟುವ ಹೊತ್ತಿಗೆ ಚೈತ್ರ ಬಂದಳು. ಹಿಂದೆಯೇ ಅವಳ ಅತ್ತೆ ಗೌರಮ್ಮನವರೂ ಬಂದರು, ರೇಷ್ಮೆ ಸೀರೆ ಎತ್ತಿ ಹಿಡಿದುಕೊಂಡು. "ಟೈರ್ ಅಂಗ್ಡೀಲಿ ಮಡ್ಲು ತುಂಬ್ಸಿದ್ದು ನಮ್ ವಂಶದಲ್ಲಿ ಯಾರೂ ಕಂಡಿಲ್ಲ ಬುಡಿ" ಅಂದರು.

"ನಾನೂ ಕಂಡಿಲ್ಲ. ಬನ್ನಿ, ಇಬ್ರೂ ನೋಡಣ" ಅಂದೆ.

ಅಂಗಡಿಯವರು ನೆಲ ಗುಡಿಸಿ, ಪೂರ್ವಕ್ಕೆ ಮುಖ ಮಾಡಿ ಕುರ್ಚಿ ಹಾಕಿಕೊಟ್ಟರು. ಚೈತ್ರ ಕೂತಳು. ಅವಳ ಎರಡೂ ಕಡೆ ಹೊಸ ಟೈರಿನ ಪೇರಿ, ಮಂಟಪದ ಕಂಬದ ಹಾಗೆ. ಲಾರಿಯ ಬೆನ್ನು ಇಳಿಯಿತು, ಕಾರು ನೆಲ ಮುಟ್ಟಿತು, ನಾನು ಗುಂಡಿಯಿಂದ ಕಾಯಿ ತೆಗೆದು ಕೊಟ್ಟೆ. ಸುಧಾ ಮಡಿಲಿಗೆ ಅಕ್ಕಿ ಸುರಿಯುತ್ತಿರುವಾಗ ಬಾಷಾ ಕೆಮ್ಮಿದ. "ಅಕ್ಕ, ಓಟಿಪಿ..."

"ಇರಪ್ಪ, ಕೈ ತುಂಬ ಅಕ್ಕಿ ಐತೆ."

ಅವನು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದು ಕಾದ. ಅಕ್ಕಿ, ಬೆಲ್ಲ, ವೀಳ್ಯ, ಕಾಯಿ ಎಲ್ಲ ಬಿದ್ದಾಗ ಹನ್ನೆರಡಕ್ಕೆ ಇನ್ನೂ ಐದು ನಿಮಿಷವಿತ್ತು. ಚೈತ್ರ ಯಾರನ್ನೂ ಕೇಳಲಿಲ್ಲ, ಮಡಿಲಲ್ಲಿದ್ದ ಬೆಲ್ಲದ ಅಚ್ಚನ್ನೇ ಎತ್ತಿ ಕಚ್ಚಿದಳು. ಗೌರಮ್ಮನವರು ಬಾಯಿ ತೆರೆದರು. "ತಿನ್ಲಿ ಬುಡಿ" ಅಂದೆ. ಅವರು ಸೆರಗಿನಿಂದ ಹುಡುಗಿಯ ಕುತ್ತಿಗೆಯ ಬೆವರು ಒರೆಸಿದರು. ಉಳಿದ ಕಾಯಿಗಳಲ್ಲಿ ಎರಡನ್ನು ಬಾಷಾನ ಹೆಂಡತಿಗೆಂದು ಅವನ ಕೈಗೆ ಹಾಕಿದೆ.

ಹೊಸ ಟೈರು ಹಾಕಿಸಿಕೊಂಡು, ಊಟ ಮುಗಿಸಿ ಸಂಜೆ ಹೊರಟೆವು. ಗೌರಮ್ಮನವರು ಮಾವಿನಕಾಯಿ ತಂದು ಡಿಕ್ಕಿಗೆ ಹಾಕಲು ಬಂದರು. ಸ್ಟೆಪ್ನಿ ಗುಂಡಿಗೆ ಮಾತ್ರ ಬೇಡವೆಂದೆ. ಅದಿನ್ನು ಸ್ಟೆಪ್ನಿಯದೇ ಜಾಗ.

ದಾರಿಯಲ್ಲಿ ಸ್ಕೀಮಿನವರ ಫೋನ್ ಬಂತು. ಬೇರೆ ಹುಡುಗಿ. ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಅಂದಳು. "ನಾಲ್ಕು. ಫೋನಲ್ಲಿ ಹಾಡು ಹಾಕಿ ಕಾಯಿಸಿದ್ರಲ್ಲ, ಅದಕ್ಕೊಂದು ಕಮ್ಮಿ" ಅಂದೆ.

ಆ ಕೆರೆಯ ಹತ್ತಿರ ಬಂದಾಗ ಸುಧಾ ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದಳು. ನೀಲಿ ಚುಕ್ಕೆಯೊಂದು ದಾರಿಯ ಮೇಲೆ ಮೆಲ್ಲಗೆ ತೆವಳುತ್ತಿತ್ತು. "ಇದೇ ನಾವು ಅತ್ತೆ" ಅಂದಳು. ಕಿಟಕಿಯಾಚೆ ನೋಡಿದೆ. ಕೆರೆಯಲ್ಲಿ ನೀರು ಅರ್ಧಕ್ಕಿತ್ತು. ಹುಬ್ಬಳ್ಳಿಯ ಆ ಹುಡುಗಿ ಈಗಲೂ ನೋಡುತ್ತಿದ್ದಾಳೋ ಏನೋ, ಯಾರಿಗೆ ಗೊತ್ತು. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ.