ನಲವತ್ತೆಂಟು ಗಂಟೆ, ಒಂದು ತುತ್ತು

ನವೆಂಬರ್ 9, ಭಾನುವಾರ, ಬೆಳಿಗ್ಗೆ 6.40. ಲಕ್ಷ್ಮೀಪುರಂನ ನಮ್ಮ ಮನೆ. ಅಮ್ಮ ಇನ್ನೂ ಎದ್ದಿಲ್ಲ. ಅಜ್ಜಿ ಹೋಗಿ ಇವತ್ತಿಗೆ ಇಪ್ಪತ್ತೈದು ದಿನ. ಇಷ್ಟು ದಿನವೂ ದಿನಚರಿಯಲ್ಲಿ ತಾರೀಖು ಬರೆದು ಹಾಗೇ ಮುಚ್ಚಿಡುತ್ತಿದ್ದೆ. ಅಕ್ಟೋಬರ್ 11ರಿಂದ 15ರವರೆಗೆ ನಡೆದದ್ದನ್ನು ಇವತ್ತಾದರೂ ಕ್ರಮವಾಗಿ ಬರೆದುಬಿಡಬೇಕು ಎಂದು ಕೂತಿದ್ದೇನೆ.

ಮೊದಲು ಹಲ್ಲಿನ ವಿಷಯ. ಮೇಲಿನ ಸಾಲಿನಲ್ಲಿ ನಡುವಿನ ಎರಡು ಹಲ್ಲುಗಳಲ್ಲಿ ಎಡಗಡೆಯದರ ತುದಿ ನನಗೆ ಮುರಿದಿತ್ತು. ಮುರಿದದ್ದು ಅರ್ಧ ಅಕ್ಕಿಕಾಳಿನಷ್ಟು, ಅಷ್ಟೇ. ನನಗೆ ಒಂಬತ್ತು ವರ್ಷವಿದ್ದಾಗ ಆದದ್ದು. ನಮ್ಮ ಮನೆಯಲ್ಲಿ ಚೊಂಬಿಗೆ ತುಟಿ ತಾಗಿಸುವಂತಿಲ್ಲ, ಎತ್ತಿ ಕುಡಿಯಬೇಕು. ಅದನ್ನು ಅಜ್ಜಿ ಕಲಿಸುತ್ತಿದ್ದಳು. ಇನ್ನೂ ಮೇಲೆ, ಇನ್ನೂ ಮೇಲೆ ಎಂದಳು, ಕೈ ಜಾರಿತು. ನನಗಿಂತ ಹೆಚ್ಚು ಅತ್ತವಳು ಅವಳೇ ಎಂದು ಅಮ್ಮ ಹೇಳುತ್ತಾಳೆ.

ಆಮೇಲೆ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ರೂಢಿಯಾಯಿತು. ನಾನು ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್‌ಗಳನ್ನು ನಮೂದಿಸುವ ಕೆಲಸ ಮಾಡುತ್ತೇನೆ, ಎಣಿಸುವುದು ನನಗೆ ಸಹಜ. ಸೆಪ್ಟೆಂಬರಿನಲ್ಲಿ ಒಂದು ದಿನ ಎಷ್ಟು ಸಲ ಬಾಯಿ ಮುಚ್ಚಿಕೊಳ್ಳುತ್ತೇನೆಂದು ಗೀಟು ಹಾಕಿದೆ. ಇಪ್ಪತ್ತೇಳು. ಅದನ್ನು ಅಜ್ಜಿಗೆ ಓದಿ ಹೇಳಿದ್ದು ನಾನೇ. ಹೇಳಬಾರದಿತ್ತೇನೋ. ಮಾರನೆಯ ದಿನದಿಂದ ಅವಳು ಹಲ್ಲಿನ ಡಾಕ್ಟರ ಹತ್ತಿರ ಹೋಗು ಎಂದು ಶುರುಮಾಡಿದಳು. ಅವಳು ಎಷ್ಟೋ ವರ್ಷ ಯಾದವಗಿರಿಯ ಒಂದು ಮನೆಯಲ್ಲಿ ಅಡುಗೆ ಮಾಡಿದವಳು. ಆ ರಸ್ತೆಯಲ್ಲೇ ಒಂದು ಕ್ಲಿನಿಕ್ ಇರುವುದೂ ಅವಳಿಗೆ ಗೊತ್ತಿತ್ತು. ಅಷ್ಟರಲ್ಲಿ ಮಂಡಕಳ್ಳಿಯ ವಿಮಾನ ನಿಲ್ದಾಣದಲ್ಲಿ ಕೌಂಟರ್ ಕೆಲಸವೊಂದಕ್ಕೆ ಸಂದರ್ಶನದ ಕರೆ ಬಂತು. ಅಕ್ಟೋಬರ್ 15, ಬುಧವಾರ, ಹನ್ನೊಂದು ಗಂಟೆಗೆ. ಅಲ್ಲಿ ನಗುತ್ತಾ ನಿಲ್ಲಬೇಕು. ಹೀಗಾಗಿ 11ರ ಶನಿವಾರ ಹೋದೆ.

ಇಂಜೆಕ್ಷನ್ ಇರಲಿಲ್ಲ, ಕೊರೆಯುವುದೂ ಇರಲಿಲ್ಲ. ಡಾಕ್ಟರು ಹೆಚ್ಚುಕಡಿಮೆ ನನ್ನ ವಯಸ್ಸಿನವರೇ. ಹಲ್ಲು ಒಣಗಿದರೆ ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ ಎಂದು ಮೊದಲೇ ಕಿಟಕಿಯ ಕಡೆ ತಿರುಗಿಸಿ, ಬಣ್ಣದ ಮಾದರಿಗಳನ್ನು ಒಂದೊಂದಾಗಿ ಹಲ್ಲಿನ ಪಕ್ಕ ಹಿಡಿದು ನೋಡಿದರು. ನಾಲ್ಕನೆಯದು ಹೊಂದಿತು. ಆಮೇಲೆ ಏನೋ ಹುಳಿಯಾದದ್ದನ್ನು ಸವರಿ ತೊಳೆದರು, ಅಂಟು ಹಚ್ಚಿದರು, ಹಲ್ಲಿನದೇ ಬಣ್ಣದ ಮೆತ್ತನೆಯ ಮಿಶ್ರಣವನ್ನು ಸ್ವಲ್ಪ ಸ್ವಲ್ಪವಾಗಿ ಕೂಡಿಸಿ ಪ್ರತಿ ಸಲವೂ ನೀಲಿ ದೀಪ ಹಿಡಿದರು. ಒಂದೊಂದು ಸಲಕ್ಕೆ ಇಪ್ಪತ್ತು ಸೆಕೆಂಡು, ಒಟ್ಟು ಐದು ಸಲ. ಉಜ್ಜಿ ನುಣುಪು ಮಾಡಿ ಕನ್ನಡಿ ಕೊಟ್ಟಾಗ 3.10. ಎಲ್ಲಿ ಮುರಿದಿತ್ತು ಎಂದು ನನಗೇ ಗೊತ್ತಾಗಲಿಲ್ಲ.

ಹೊರಡುವಾಗ ಅವರು ಹೇಳಿದ್ದನ್ನು ಹಾಗೇ ಬರೆದುಕೊಂಡಿದ್ದೇನೆ: ನಲವತ್ತೆಂಟು ಗಂಟೆ ಕಾಫಿ, ಟೀ, ಅರಿಶಿಣ ಹಾಕಿದ ಅಡುಗೆ ಬೇಡ. ಬಣ್ಣ ಹಿಡಿಯುತ್ತದೆ.

ಮನೆಗೆ ಬಂದವಳೇ ಚೌಕುಳಿ ಹಾಳೆಯಲ್ಲಿ ನಲವತ್ತೆಂಟು ಮನೆ ಗುರುತು ಮಾಡಿ ಗೋಡೆಗೆ ಅಂಟಿಸಿದೆ. ಗಂಟೆಗೊಂದು ಮನೆಗೆ ಪೆನ್ಸಿಲ್ ಗೀಟು. ನಿದ್ದೆಯ ಗಂಟೆಗಳಿಗೆ ಎದ್ದಮೇಲೆ ಒಟ್ಟಿಗೆ. ಅಜ್ಜಿ ಕನ್ನಡಕ ಹಾಕಿಕೊಂಡು ಬಂದು ನೋಡಿದಳು.

"ಜೈಲ್ನಲ್ಲಿರೋರು ಗೋಡೆ ಮೇಲೆ ಗೀಟು ಎಳೀತಾರಲ್ಲ, ಅಂಗದೆ ಕಣಮ್ಮ. ಅರಿಶಿಣಕ್ಕೆ ಎದ್ರೋ ಹಲ್ಲು ಯಾವ್ದು ಇದು? ಇಂಗ್ಲೆಂಡಿಂದ ತಂದವ್ರಾ?"

ಅಣಕಿಸಿದರೂ ಆ ಎರಡು ದಿನ ನನಗೆ ಬಿಳಿಯದನ್ನೇ ಮಾಡಿಕೊಟ್ಟವಳು ಅವಳು. ಶನಿವಾರ ರಾತ್ರಿ ಮೊಸರನ್ನ, ಒಗ್ಗರಣೆ ಇಲ್ಲದೆ. ಭಾನುವಾರ ಇಡ್ಲಿ ಮತ್ತು ಕಾಯಿಚಟ್ನಿ, ಮಧ್ಯಾಹ್ನ ಗಂಜಿ, ರಾತ್ರಿ ಮತ್ತೆ ಮೊಸರನ್ನ. ಸೋಮವಾರ ಬೆಳಿಗ್ಗೆ ಹಾಲು, ಎರಡು ಬಾಳೆಹಣ್ಣು. ಒಟ್ಟು ಐದು ಹೊತ್ತು. ಆಗ ಅವಳಿಗೇ ಹೊಟ್ಟೆಯ ಪಕ್ಕ ನೋವಿತ್ತು. ಹರ್ನಿಯಾ. ಮಂಗಳವಾರ ಆಪರೇಷನ್, ಸೋಮವಾರವೇ ಸೇರಬೇಕು ಎಂದು ಆಸ್ಪತ್ರೆಯವರು ಹೇಳಿದ್ದರು. ಸಣ್ಣ ಆಪರೇಷನ್, ಗುರುವಾರ ಮನೆಗೆ ಎಂದಿದ್ದರು. ನಾನೂ ಪುಸ್ತಕದಲ್ಲಿ ಗುರುವಾರದ ಎದುರು "ಅಜ್ಜಿ ವಾಪಸ್" ಎಂದು ಬರೆದಿಟ್ಟಿದ್ದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ಊರಿಗೆ ಹೊರಟರೆ, ಒಂದೆರಡು ರಾತ್ರಿ ಮನೆಯಲ್ಲಿ ಇಲ್ಲವೆಂದರೂ, ಹೊರಡುವವರೇ ಉಳಿದ ಅನ್ನವನ್ನೆಲ್ಲ ಕಲಸಿ ಮನೆಯಲ್ಲಿರುವವರಿಗೆ ಒಂದೊಂದು ಕೈತುತ್ತು ಕೊಡಬೇಕು. ಪಾತ್ರೆ ಖಾಲಿಯಾದ ಮೇಲೆಯೇ ಹೊಸಿಲು ದಾಟುವುದು. ನಾನು ಕಾಲೇಜಿನ ಪ್ರವಾಸಕ್ಕೆ ಹೋದಾಗಲೂ ಕಲಸಿ ಕೊಟ್ಟಿದ್ದೆ, ಕೈಯೆಲ್ಲ ಮೆತ್ತಿಕೊಂಡು, ಅಮ್ಮ, ಅಜ್ಜಿ ಇಬ್ಬರನ್ನೂ ನಗಿಸಿ.

ಸೋಮವಾರ ಮಧ್ಯಾಹ್ನ 1.30. ಚೀಲ ಬಾಗಿಲ ಹತ್ತಿರ ಇತ್ತು. ಅಜ್ಜಿ ಹುಳಿ ಅನ್ನ ಕಲಸಿದಳು. ಅಮ್ಮನಿಗೆ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ ನಿಂಬೆಹಣ್ಣಿನ ಗಾತ್ರದ ಒಂದು ತುತ್ತು ಮಾಡಿ ಹಿಡಿದಳು. ಗೋಡೆಯ ಮೇಲೆ ನಲವತ್ತಾರು ಗೀಟು ಬಿದ್ದಿತ್ತು.

"ಇನ್ನೂ ಒಂದು ಗಂಟೆ ನಲವತ್ತು ನಿಮಿಷ ಇದೆ ಅಜ್ಜಿ" ಎಂದೆ.

"ಒಂದ್ ತುತ್ತು ಕಣಮ್ಮ. ತಿಂದ್ಬುಡು."

ನಾನು ಹೇಳಿದ ಮಾತು ಇದು, ಒಂದಕ್ಷರ ಬದಲಿಸಿಲ್ಲ: "ಇಷ್ಟು ಹೊತ್ತು ಕಾದಿದ್ದು ವೇಸ್ಟ್ ಆಗುತ್ತೆ."

ಅಮ್ಮ ನನ್ನ ಪರವಾಗಿಯೇ ಮಾತಾಡಿದಳು. ಡಾಕ್ಟರು ಹೇಳಿದ ಮೇಲೆ ಬಲವಂತ ಬೇಡ, ಬುಧವಾರ ಸಂದರ್ಶನ ಇದೆಯಲ್ಲ ಎಂದಳು.  ಅಜ್ಜಿ ತುತ್ತು ಹಿಡಿದಿದ್ದ ಕೈಯನ್ನು ತನ್ನ ಕಡೆ ತಿರುಗಿಸಿ ನೋಡಿಕೊಂಡಳು. ದಸರೆಗೆ ಬಂದಿದ್ದ ನೆಂಟರ ಮಗುವೊಂದು ಅವಳ ಕೈತುತ್ತು ಬೇಡ, ಚಮಚ ಕೊಡಿ ಎಂದಿತ್ತು. ಅವತ್ತೂ ಹೀಗೇ ಕೈ ನೋಡಿಕೊಂಡಿದ್ದಳು. ಅದು ನನಗೆ ಆಗ ಹೊಳೆಯಲಿಲ್ಲ. ಹೊಳೆದದ್ದು ಬುಧವಾರ. ಆ ತುತ್ತನ್ನು ಅವಳು ನಿಂತಲ್ಲೇ ತನ್ನ ಬಾಯಿಗೆ ಹಾಕಿಕೊಂಡಳು, ಪಾತ್ರೆ ತೊಳೆದು ಬೋರಲು ಹಾಕಿದಳು, ಆಟೋ ಹತ್ತಿದಳು.

3.10ಕ್ಕೆ ನಾವು ಆಸ್ಪತ್ರೆಯಲ್ಲಿದ್ದೆವು. ಅವಳಿಗೆ ಹಾಸಿಗೆ ಸಿಕ್ಕಿತ್ತು. ನಾನು ಕೆಳಗೆ ಹೋಗಿ ಕಾಫಿ ತಂದು ಅವಳ ಎದುರೇ ಕುಡಿದೆ. ಎರಡು ದಿನದ ಮೇಲೆ ಮೊದಲ ಕಾಫಿ, ತುಂಬ ರುಚಿಯಾಗಿತ್ತು. ಅಜ್ಜಿ ನೋಡುತ್ತಿದ್ದಳು.

"ಈಗ ತಿನ್ಬೋದಾ?"

"ಈಗ ಏನು ಬೇಕಾದ್ರೂ ತಿನ್ಬೋದು."

ಅವಳು ಮಂಚದ ಪಕ್ಕದ ಮೇಜಿನ ಕಡೆ ನೋಡಿದಳು. ಅಲ್ಲಿ ನೀರಿನ ಬಾಟಲಿ, ಔಷಧಿ ಚೀಟಿ, ಒಂದು ಟವೆಲು ಇತ್ತು. "ಇಲ್ಲೇನದೆ ಕೊಡಕ್ಕೆ" ಎಂದಳು. ಆಮೇಲೆ ನಗು ಎಂದಳು. ನಕ್ಕೆ, ಕೈ ಅಡ್ಡ ಇಡದೆ. ಬಹಳ ಹೊತ್ತು ನೋಡಿ, ಚೆನ್ನಾಗದೆ ಎಂದು ಮಗ್ಗುಲಾದಳು.

ಮಂಗಳವಾರ ಆಪರೇಷನ್ ಸರಿಯಾಗಿಯೇ ಆಯಿತು. ಸಂಜೆ ಅಮ್ಮನೊಡನೆ ಎರಡು ಮಾತಾಡಿದಳಂತೆ. ನಾನು ಆಗ ಆಫೀಸಿನಲ್ಲಿದ್ದೆ. ಬುಧವಾರ ಬೆಳಿಗ್ಗೆ 8.15ಕ್ಕೆ, ಸಂದರ್ಶನಕ್ಕೆಂದು ಸೀರೆಯ ನೆರಿಗೆ ಹಿಡಿಯುತ್ತಿದ್ದಾಗ, ಅಮ್ಮ ಫೋನ್ ಮಾಡಿದಳು. ಹೃದಯ ನಿಂತಿತು ಎಂದು ಆಸ್ಪತ್ರೆಯವರು ಹೇಳಿದರಂತೆ. ವಯಸ್ಸು ಎಪ್ಪತ್ತನಾಲ್ಕು. ಯಾರ ತಪ್ಪೂ ಇರಲಿಲ್ಲ ಎಂದು ಅಮ್ಮನೂ ಹೇಳುತ್ತಾಳೆ, ನಾನೂ ಒಪ್ಪುತ್ತೇನೆ. ಮಂಡಕಳ್ಳಿಗೆ ಹೋಗಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ, ನವೆಂಬರ್ 3ರ ಸೋಮವಾರ, ಹಲ್ಲು ತೋರಿಸಿಕೊಂಡು ಬರಲು ಯಾದವಗಿರಿಗೆ ಹೋದೆ. ಅಂಚು ಚೆನ್ನಾಗಿ ಕೂತಿದೆ, ಕಲೆ ಇಲ್ಲ ಎಂದರು. ನಾನು ಕೇಳಲೆಂದೇ ಹೋಗಿದ್ದನ್ನು ಕೇಳಿದೆ. ನಲವತ್ತಾರನೇ ಗಂಟೆಯಲ್ಲಿ ಒಂದೇ ಒಂದು ತುತ್ತು ಹುಳಿ ಅನ್ನ ತಿಂದಿದ್ದರೆ?

"ಒಂದು ತುತ್ತಿಗೆ ಏನೂ ಆಗ್ತಿರಲಿಲ್ಲ ಕಣ್ರೀ" ಎಂದರು. ಬಾಯಿ ಮುಕ್ಕಳಿಸಿದ್ದರೆ ಸಾಕಿತ್ತಂತೆ. ದೀಪ ಹಿಡಿದಾಗಲೇ ಅದು ಗಟ್ಟಿಯಾಗುತ್ತದೆ, ದಿನಕ್ಕೆ ಆರು ಕಾಫಿ ಕುಡಿಯುವವರು ಇರುತ್ತಾರೆಂದು ಎಲ್ಲರಿಗೂ ಒಂದೇ ಲೆಕ್ಕ ಹೇಳುತ್ತೇವೆ ಎಂದರು. ಯಾಕೆ ಕೇಳಿದಿರಿ ಎಂದದ್ದಕ್ಕೆ ದಿನಚರಿಗೆ ಎಂದೆ.

ಹಾಳೆ ಇನ್ನೂ ಗೋಡೆಯ ಮೇಲಿದೆ. ಅಮ್ಮ ತೆಗೆದಿಲ್ಲ, ನಾನೂ ತೆಗೆದಿಲ್ಲ. ಬಾಯಿ ಮುಚ್ಚಿಕೊಳ್ಳುವುದನ್ನು ಮತ್ತೆ ಎಣಿಸಲು ನೋಡಿದೆ. ನಗುವುದೇ ಕಡಿಮೆಯಾದ್ದರಿಂದ ಆ ಲೆಕ್ಕಕ್ಕೆ ಅರ್ಥವಿಲ್ಲ. ಅಜ್ಜಿ ಅವತ್ತು ತನ್ನ ಕೈ ನೋಡಿಕೊಂಡು ಏನೆಂದುಕೊಂಡಳು ಎಂಬುದು ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ, ಅದನ್ನು ನಾನು ಯಾರನ್ನೂ ಕೇಳುತ್ತಿಲ್ಲ.

ಕೇಳುವುದು ಇಷ್ಟೇ, ಅದಕ್ಕೇ ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ಇದನ್ನು ಓದುವವರಲ್ಲಿ ಹಲ್ಲಿನ ಡಾಕ್ಟರುಗಳಿರಬಹುದು, ಹೀಗೆ ಹಲ್ಲು ತುಂಬಿಸಿಕೊಂಡವರೂ ಇರಬಹುದು. ಒಬ್ಬರ ಮಾತಿನ ಮೇಲೆ ತೀರ್ಮಾನಕ್ಕೆ ಬರಲು ನನಗೆ ಮನಸ್ಸಿಲ್ಲ. ಎರಡನೆಯ ದಿನ ಅರಿಶಿಣದ ಅಡುಗೆ ತಿಂದವರು, ಎಷ್ಟನೇ ಗಂಟೆಗೆ ತಿಂದಿರಿ, ಎಷ್ಟು ತಿಂದಿರಿ, ಹಲ್ಲಿಗೆ ಬಣ್ಣ ಹಿಡಿಯಿತೇ ಇಲ್ಲವೇ ಎಂದು ಈ ಪತ್ರಿಕೆಗೆ ಎರಡು ಸಾಲು ಬರೆದು ತಿಳಿಸಿ. ಹಿಡಿಯಿತು ಎನ್ನುವವರು ಇದ್ದರೆ ದಯವಿಟ್ಟು ತಡಮಾಡದೆ ಬರೆಯಿರಿ.